ಟ್ರೈಲರ್ ಕಟ್ಟುವ ಮುನ್ನ: ಒಂದು ಇಳಿಜಾರಿನ ಲೆಕ್ಕ

ಕಳೆದ ಜೂನ್‌ನಲ್ಲಿ ಸೆಮಿಸ್ಟರ್ ಪರೀಕ್ಷೆ ಮುಗಿಸಿ ನಾವು ನಾಲ್ವರು ಸುಳ್ಯ ತಾಲ್ಲೂಕಿಗೆ ಹೋಗಿದ್ದೆವು, ನಮ್ಮಲ್ಲೊಬ್ಬನ ಮನೆಗೆ. ಅಲ್ಲಿ ಹೊಸ ಹಟ್ಟಿ ಕಟ್ಟುವ ಕೆಲಸ ನಡೆಯುತ್ತಿತ್ತು. ಕೆಂಪುಕಲ್ಲಿನ ಲಾರಿ ಮೇಲಿನ ಡಾಮರು ರಸ್ತೆಯ ತನಕ ಮಾತ್ರ ಬರುತ್ತದೆ. ಅಲ್ಲಿಂದ ಕೆಳಗೆ ಮನೆಗೆ ಟ್ರ್ಯಾಕ್ಟರ್ ಟ್ರೈಲರ್‌ನಲ್ಲೇ ಸಾಗಿಸಬೇಕು. ಗೆಳೆಯನ ಅಣ್ಣ ಟ್ರ್ಯಾಕ್ಟರ್ ತಂದು ನಿಲ್ಲಿಸಿ, "ನೀವು ತುಂಬಿಸ್ತಾ ಇರಿ, ನಾನು ಚಾ ಕುಡಿದು ಬರ್ತೇನೆ" ಅಂತ ಹೋದರು. ಜಿಮ್‌ಗೆ ದುಡ್ಡು ಕೊಡುವ ಬದಲು ಇದೇ ಆಯ್ತು ಅಂತ ನಗಾಡುತ್ತಾ ನಾವು ಸುಮಾರು ನೂರು ಕಲ್ಲು ತುಂಬಿಸಿದೆವು.

ತುಂಬಿಸಿದ್ದು ಹೇಗೆ ಅನ್ನುವುದೇ ಈ ಲೇಖನದ ವಿಷಯ. ಟ್ರೈಲರ್‌ನ ಹಿಂದಿನ ಬಾಗಿಲು ತೆರೆದಿತ್ತು, ಕಲ್ಲಿನ ರಾಶಿ ಅದರ ಹತ್ತಿರವೇ ಇತ್ತು. ಕಲ್ಲನ್ನು ಎತ್ತಿ ಮುಂದಿನ ಹಲಗೆಯ ತನಕ ಹೊತ್ತುಕೊಂಡು ಹೋಗುವುದಕ್ಕಿಂತ ಬಾಗಿಲ ಬಳಿಯೇ ಪೇರಿಸುವುದು ಸುಲಭ. ಹಾಗಾಗಿ ಮುಂದೆ ಎರಡು ವರಸೆ, ಹಿಂದೆ ಐದು ವರಸೆ ಆಯಿತು. ಅಣ್ಣ ಬರುವಾಗ ಹನಿ ಮಳೆ ಶುರುವಾಗಿತ್ತು. ಜೋರಾಗುವ ಮೊದಲು ಇಳಿಸಿಬಿಡುವ ಅಂತ ಅವರು ನೇರ ಸೀಟಿಗೆ ಹತ್ತಿದರು.

ದಾರಿಯ ಅರ್ಧಕ್ಕೆ ಬಂದಾಗ ಟ್ರ್ಯಾಕ್ಟರ್‌ನ ಹಿಂದಿನ ಚಕ್ರಗಳು ತಿರುಗುವುದು ನಿಂತಿತು. ಆದರೆ ಟ್ರ್ಯಾಕ್ಟರ್ ನಿಲ್ಲಲಿಲ್ಲ. ಚಕ್ರ ನಿಂತೇ ಇದೆ, ಗಾಡಿ ಜಾರುತ್ತಾ ಇದೆ. ಹಿಂದಿನಿಂದ ಟ್ರೈಲರ್ ತಳ್ಳಿತು, ಟ್ರ್ಯಾಕ್ಟರ್ ಅಡ್ಡಕ್ಕೆ ತಿರುಗಿ ಬಲಬದಿಯ ಮಣ್ಣಿನ ಬರೆಗೆ ಒರಗಿತು. ಮಡ್‌ಗಾರ್ಡ್ ಮತ್ತು ಬರೆಯ ನಡುವೆ ಅಣ್ಣನ ಬಲಗಾಲು ಸಿಕ್ಕಿಕೊಂಡಿತು. ಮೊಣಕಾಲಿನ ಕೆಳಗಿನ ಎರಡೂ ಎಲುಬು ಮುರಿದು ರಾಡ್ ಹಾಕಬೇಕಾಯಿತು. ಎಡಕ್ಕೆ ತಿರುಗಿದ್ದರೆ ಹತ್ತು ಅಡಿ ಕೆಳಗೆ ಅಡಿಕೆ ತೋಟ.

ಬ್ರೇಕ್ ಫೇಲ್ ಅಂತ ಎಲ್ಲರೂ ಹೇಳಿದರು. ಆಮೇಲೆ ಮೆಕ್ಯಾನಿಕ್ ನೋಡಿದಾಗ ಬ್ರೇಕ್ ಸರಿಯಾಗಿಯೇ ಇತ್ತು. ಸರಿ ಇದ್ದದ್ದಕ್ಕೇ ಅಲ್ವಾ ಚಕ್ರ ಲಾಕ್ ಆದದ್ದು! ಹಾಗಾದರೆ ಫೇಲ್ ಆದದ್ದು ಯಾವುದು? ಹಾಸ್ಟೆಲಿಗೆ ಬಂದ ಮೇಲೆ ಮೊದಲ ವರ್ಷದ ಮೆಕ್ಯಾನಿಕ್ಸ್ ನೋಟ್ಸ್ ತೆಗೆದು ನಾವು ಕೂತೆವು. ಪರೀಕ್ಷೆಗೆ ಹತ್ತಾರು ಫ್ರೀ ಬಾಡಿ ಡಯಾಗ್ರಾಮ್ ಬಿಡಿಸಿದ್ದೇವೆ, ಆದರೆ ನಾವೇ ಕೈಯಾರೆ ತುಂಬಿಸಿದ ಗಾಡಿಗೆ ಒಂದನ್ನೂ ಬಿಡಿಸಿರಲಿಲ್ಲ.

ಮೊದಲು ಊರಿನ ಆಕಾರ ಹೇಳಬೇಕು, ಯಾಕೆಂದರೆ ಅಪಾಯ ಇರುವುದು ಅದರಲ್ಲೇ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲ್ಲೂಕುಗಳಲ್ಲಿ ನೆಲ ಒಂದೇ ಸಮ ಏರಿಳಿತ. ಮಾಣಿಯಿಂದ ಪುತ್ತೂರು, ಸುಳ್ಯ, ಸಂಪಾಜೆ ದಾಟಿ ಮೈಸೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275, ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ ಮೂಲಕ ಶಿರಾಡಿ ಹತ್ತುವ ಹೆದ್ದಾರಿ 75, ಇವೆಲ್ಲ ಅಳತೆ ಮಾಡಿ ಇಳಿಜಾರು ಹಿಡಿದು ಕಟ್ಟಿದ ರಸ್ತೆಗಳು. ಮನೆಗೆ ಇಳಿಯುವ ದಾರಿಗೆ ಅಂಥ ಅಳತೆ ಇಲ್ಲ. ರಸ್ತೆ ಗುಡ್ಡದ ಮೇಲೆ, ನೀರು ಇರುವುದು ತಗ್ಗಿನಲ್ಲಿ, ಆದ್ದರಿಂದ ತೋಟ ಮತ್ತು ಮನೆಯೂ ತಗ್ಗಿನಲ್ಲಿ. ಹಾಗಾಗಿ ಕಲ್ಲು, ಮರಳು, ಸಿಮೆಂಟು, ಗೊಬ್ಬರ ಎಲ್ಲವೂ ಇಳಿಯುತ್ತವೆ, ಗಾಡಿ ಖಾಲಿಯಾಗಿ ಹತ್ತುತ್ತದೆ. ಮಂಡ್ಯ, ಬೆಳಗಾವಿ ಕಡೆ ಒಂದು ಟ್ರ್ಯಾಕ್ಟರ್ ಹಿಂದೆ ಎರಡು ಟ್ರೈಲರ್ ಕಬ್ಬು ಹೋಗುವುದನ್ನು ನೋಡಿ "ಇಷ್ಟು ಎಳೆಯುತ್ತದಲ್ಲ" ಅಂದುಕೊಂಡರೆ ನಮ್ಮ ಕಡೆ ಮೋಸ ಹೋಗುತ್ತೇವೆ. ಅಲ್ಲಿ ಪ್ರಶ್ನೆ ಎಳೆಯುವುದು. ಇಲ್ಲಿ ಪ್ರಶ್ನೆ ಹಿಡಿದು ನಿಲ್ಲಿಸುವುದು. ಟ್ರ್ಯಾಕ್ಟರ್ ಕೊಳ್ಳುವಾಗ ಎಷ್ಟು ಎಚ್‌ಪಿ ಅಂತ ಕೇಳುತ್ತಾರೆ, ಇಳಿಜಾರಿನಲ್ಲಿ ಎಷ್ಟು ತಡೆಯುತ್ತದೆ ಅಂತ ಕೇಳಿದ್ದು ನಾವಂತೂ ಕಂಡಿಲ್ಲ.

ಈಗ ಲೆಕ್ಕ. ಎಲ್ಲ ಸಂಖ್ಯೆಗಳನ್ನು ದುಂಡು ಮಾಡಿದ್ದೇವೆ. ಟ್ರ್ಯಾಕ್ಟರ್ ತೂಕ 2000 ಕೆ.ಜಿ. ಖಾಲಿ ಟ್ರೈಲರ್ 1000 ಕೆ.ಜಿ. ಒಂದು ಕೆಂಪುಕಲ್ಲು ಸುಮಾರು 30 ಕೆ.ಜಿ. ಅಂತ ಹಿಡಿದರೆ 100 ಕಲ್ಲು 3000 ಕೆ.ಜಿ. ಮಳೆಯಲ್ಲಿ ನೆನೆದ ಕಲ್ಲು ಇನ್ನೂ ಭಾರ, ಮುರಕಲ್ಲು ಚೆನ್ನಾಗಿ ನೀರು ಕುಡಿಯುತ್ತದೆ. ಅದನ್ನು ಸದ್ಯ ಬಿಡೋಣ. ಒಟ್ಟು 6000 ಕೆ.ಜಿ.

ದಾರಿಯ ಇಳಿಜಾರು ನಾವು ಮೊಬೈಲಿನ ಲೆವೆಲ್ ಆ್ಯಪ್‌ನಲ್ಲಿ ನೋಡಿದಾಗ ಸುಮಾರು 7 ಡಿಗ್ರಿ ಬಂತು, ಅಂದರೆ ಎಂಟು ಅಡಿಗೆ ಒಂದು ಅಡಿ. ಇಷ್ಟು ಕಡಿಮೆ ಇಳಿಜಾರಿನಲ್ಲಿ ತೂಕದ ಎಂಟನೇ ಒಂದು ಭಾಗ ಗಾಡಿಯನ್ನು ಕೆಳಗೆ ಎಳೆಯುತ್ತದೆ ಅಂತ ಹೇಳಿದರೆ ತಪ್ಪು ಬಹಳ ಸಣ್ಣದು. ಟ್ರ್ಯಾಕ್ಟರ್ ಒಂದೇ ಇದ್ದರೆ 2000/8 = 250 ಕೆ.ಜಿ. ಬಲ. ಟ್ರೈಲರ್ ಸೇರಿದರೆ 6000/8 = 750 ಕೆ.ಜಿ. ಬಲ. ಈ 750ನ್ನು ತಡೆಯಬೇಕಾದದ್ದು ಯಾರು? ನಮ್ಮ ಕಡೆ ಓಡಾಡುವ ಎರಡು ಚಕ್ರದ ಟ್ರೈಲರ್‌ಗಳಲ್ಲಿ ಬಹಳಷ್ಟಕ್ಕೆ ಬ್ರೇಕೇ ಇಲ್ಲ. ಟ್ರ್ಯಾಕ್ಟರ್‌ನಲ್ಲೂ ಸಾಮಾನ್ಯವಾಗಿ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಅಂದರೆ 6 ಟನ್ನಿನ ಇಡೀ ಸಾಲನ್ನು ಹಿಡಿಯುವುದು ಎರಡೇ ಟಯರು, ಅವು ನೆಲವನ್ನು ಮುಟ್ಟುವ ಆ ಎರಡು ಜಾಗ.

ಟಯರ್ ಎಷ್ಟು ಹಿಡಿಯುತ್ತದೆ ಅನ್ನುವುದು ಬ್ರೇಕ್ ಎಷ್ಟು ಜೋರಾಗಿ ಒತ್ತುತ್ತೀರಿ ಅನ್ನುವುದರಿಂದ ತೀರ್ಮಾನ ಆಗುವುದಿಲ್ಲ. ಅದರ ಮೇಲೆ ಎಷ್ಟು ತೂಕ ಕೂತಿದೆ, ನೆಲ ಎಂಥದು, ಇವೆರಡರ ಗುಣಲಬ್ಧವೇ ಮಿತಿ. ಟ್ರ್ಯಾಕ್ಟರ್‌ನ ತೂಕದಲ್ಲಿ ಸುಮಾರು 60 ಶೇಕಡಾ, ಅಂದರೆ 1200 ಕೆ.ಜಿ. ಹಿಂದಿನ ಚಕ್ರಗಳ ಮೇಲೆ ಇರುತ್ತದೆ ಅಂತ ಹಿಡಿಯೋಣ. ಇದಕ್ಕೆ ಟ್ರೈಲರ್‌ನ ಮೂಕಿಯಿಂದ ಬರುವ ತೂಕ ಸೇರುತ್ತದೆ, ಅಥವಾ ಕಳೆಯುತ್ತದೆ!

ಮೂಕಿ ಅನ್ನುವ ಶಬ್ದ ನಮಗೆ ಹೊಸದು, ಡ್ರಾಬಾರ್ ಅಂತಲೇ ನಾವು ಹೇಳುತ್ತಿದ್ದದ್ದು. ಗೆಳೆಯನ ಅಜ್ಜನ ಬಾಯಲ್ಲಿ ಕೇಳಿದೆವು. ಎತ್ತಿನಗಾಡಿಯ ಕಾಲದವರಿಗೆ ಈ ವಿಷಯ ಪುಸ್ತಕ ಇಲ್ಲದೆ ಗೊತ್ತಿತ್ತು. ಗಾಡಿಗೆ ಮುಂಭಾರ ಆದರೆ ನೊಗ ಎತ್ತಿನ ಕುತ್ತಿಗೆ ಮೇಲೆ ಕೂರುತ್ತದೆ. ಹಿಂಭಾರ ಆದರೆ ನೊಗವೇ ಮೇಲೆ ಏಳುತ್ತದೆ, ಎತ್ತಿನ ಕುತ್ತಿಗೆಯ ಹಗ್ಗ ಬಿಗಿಯುತ್ತದೆ. ಅಚ್ಚು ಎಲ್ಲಿದೆ, ಭಾರ ಎಲ್ಲಿದೆ ಅಂತ ಗಾಡಿ ಹೂಡುವವ ನೋಡಿಕೊಳ್ಳುತ್ತಿದ್ದ. ಎತ್ತು ತನಗೆ ಆಗುವುದಿಲ್ಲ ಅಂತ ತೋರಿಸುತ್ತಿತ್ತು, ಟ್ರ್ಯಾಕ್ಟರ್ ತೋರಿಸುವುದಿಲ್ಲ.

ಸಂಖ್ಯೆ ಹಾಕಿ ನೋಡೋಣ. ಹಿಚ್ ಪಿನ್‌ನಿಂದ ಟ್ರೈಲರ್ ಅಚ್ಚಿಗೆ 3 ಮೀಟರ್. ಟ್ರೈಲರ್ ಮತ್ತು ಕಲ್ಲು ಸೇರಿ 4000 ಕೆ.ಜಿ. ಇದರ ಭಾರಕೇಂದ್ರ ಅಚ್ಚಿಗಿಂತ 30 ಸೆಂಟಿಮೀಟರ್ ಮುಂದೆ ಇದ್ದರೆ, ಅಚ್ಚಿನ ಸುತ್ತ ಮೊಮೆಂಟ್ ತೆಗೆದರೆ, ಮೂಕಿಯ ಮೇಲೆ 4000 × 0.3 / 3 = 400 ಕೆ.ಜಿ. ಕೆಳಕ್ಕೆ. ಭಾರಕೇಂದ್ರ 30 ಸೆಂಟಿಮೀಟರ್ ಹಿಂದೆ ಇದ್ದರೆ ಅದೇ 400 ಕೆ.ಜಿ. ಮೇಲಕ್ಕೆ. ಹಿಚ್ ಇರುವುದು ಹಿಂದಿನ ಅಚ್ಚಿಗಿಂತಲೂ ಹಿಂದೆ, ಆದ್ದರಿಂದ ನಿಜವಾದ ಪರಿಣಾಮ ಇದಕ್ಕಿಂತ ಸ್ವಲ್ಪ ಜಾಸ್ತಿಯೇ. ಲೆಕ್ಕ ಸುಲಭ ಇರಲಿ ಅಂತ 400 ಅಂತಲೇ ಇಟ್ಟುಕೊಳ್ಳುತ್ತೇವೆ.

ಹಾಗಾದರೆ ಹಿಂದಿನ ಟಯರುಗಳ ಮೇಲಿನ ತೂಕ ಮುಂಭಾರದಲ್ಲಿ 1600, ಹಿಂಭಾರದಲ್ಲಿ 800. ಒಣಗಿದ ಗಟ್ಟಿ ರಸ್ತೆಯಲ್ಲಿ ಘರ್ಷಣಾಂಕ 0.7 ಅಂತ ಹಿಡಿದರೆ, ಮುಂಭಾರದ ಗಾಡಿಯನ್ನು ಟಯರ್ 1120 ಕೆ.ಜಿ. ಬಲದ ತನಕ ಹಿಡಿಯಬಲ್ಲದು. ಬೇಕಾದದ್ದು 750. ಆರಾಮ. ಹಿಂಭಾರದ ಗಾಡಿಯಲ್ಲಿ 800 × 0.7 = 560. ಬೇಕಾದದ್ದು ಅದೇ 750. ಆಗುವುದಿಲ್ಲ.

ಇಲ್ಲಿ ನಾವು ಪೆನ್ನು ಕೆಳಗಿಟ್ಟೆವು. ಅದೇ ಟ್ರ್ಯಾಕ್ಟರ್, ಅದೇ ಬ್ರೇಕ್, ಅದೇ ನೂರು ಕಲ್ಲು. ಬೇಸಿಗೆಯ ಒಣ ದಾರಿಯಲ್ಲಿ ಹೋಗಿದ್ದರೂ ಗಾಡಿ ಜಾರುವ ಲೆಕ್ಕವೇ ಬರುತ್ತದೆ. ವ್ಯತ್ಯಾಸ ಇಷ್ಟೇ, ಕಲ್ಲನ್ನು ಎಲ್ಲಿ ಇಟ್ಟದ್ದು. ಇಟ್ಟದ್ದು ನಾವು.

ಮಳೆಯ ಲೆಕ್ಕ ಇನ್ನೂ ಬೇಸರದ್ದು. ಒದ್ದೆ ಕೆಂಪು ಮಣ್ಣಿಗೆ ಘರ್ಷಣಾಂಕ 0.3 ಹಿಡಿಯಿರಿ. ಸರಿಯಾಗಿ ಮುಂಭಾರ ಹಾಕಿದ ಗಾಡಿಗೂ ಸಿಗುವುದು 1600 × 0.3 = 480 ಮಾತ್ರ. ಹಾಗಾದರೆ ಎಷ್ಟು ಕಲ್ಲು ಹಾಕಬಹುದು? ಟ್ರೈಲರ್‌ನ ಒಟ್ಟು ತೂಕವನ್ನು ಅಜ್ಞಾತ ಅಂತ ಇಟ್ಟು, ಅದರ ಹತ್ತನೇ ಒಂದು ಭಾಗ ಮೂಕಿಯ ಮೇಲೆ ಬರುತ್ತದೆ ಅಂತ ಸಮೀಕರಣ ಬಿಡಿಸಿದರೆ ಉತ್ತರ ಸುಮಾರು 1160 ಕೆ.ಜಿ. ಟ್ರೈಲರೇ 1000. ಉಳಿದದ್ದು 160 ಕೆ.ಜಿ., ಐದು ಕಲ್ಲು! ನಾವು ತಪ್ಪಾಯಿತು ಅಂತ ಮೂರು ಸಲ ಬಿಡಿಸಿದೆವು. ಘರ್ಷಣಾಂಕ 0.3ರ ಬದಲು 0.4 ಹಾಕಿದರೆ 56 ಕಲ್ಲು ಬರುತ್ತದೆ. ಮಣ್ಣು ಸ್ವಲ್ಪ ಬದಲಾದರೆ ಉತ್ತರ 5ರಿಂದ 56ಕ್ಕೆ ಹಾರುತ್ತದೆ. ಮಳೆಗಾಲದಲ್ಲಿ "ನಿನ್ನೆ ಇಳಿಸಿದ್ದೆ, ಎಂತ ಆಗಲಿಲ್ಲ" ಅನ್ನುವ ಅನುಭವಕ್ಕೆ ಬೆಲೆ ಯಾಕೆ ಕಡಿಮೆ ಅಂತ ಇದರಿಂದ ನಮಗೆ ಗೊತ್ತಾಯಿತು. ನಿನ್ನೆಯ ದಾರಿ ಬೇರೆ. ಕಾಂಕ್ರೀಟ್ ಹಾಕಿದ ದಾರಿಯೂ ನಂಬುವ ಹಾಗಿಲ್ಲ, ಮರದ ನೆರಳಿನಲ್ಲಿ ಜುಲೈ ಹೊತ್ತಿಗೆ ಅದರ ಮೇಲೆ ಪಾಚಿ ಕಟ್ಟಿರುತ್ತದೆ.

ಮಣ್ಣಿನ ದಾರಿಯಲ್ಲಿ ಚಕ್ರ ಉರುಳುವಾಗಲೇ ಸ್ವಲ್ಪ ತಡೆ ಇರುತ್ತದೆ, ಅದು ನಮ್ಮ ಪರವಾಗಿ ಕೆಲಸ ಮಾಡುತ್ತದೆ, ಅದನ್ನು ನಾವು ಸೇರಿಸಿಲ್ಲ. ಇಳಿಯುವಾಗ ತೂಕ ಮುಂದಿನ ಚಕ್ರಕ್ಕೆ ವಾಲುತ್ತದೆ, ಅದು ನಮ್ಮ ವಿರುದ್ಧ, ಅದನ್ನೂ ಸೇರಿಸಿಲ್ಲ. ಯಾರಾದರೂ ಸೀನಿಯರ್‌ಗಳು ಸರಿಯಾದ ಮಾಡೆಲ್ ಮಾಡಿದರೆ ಸಂತೋಷ.

"ಲೋ ಗೇರ್ ಹಾಕಿದರೆ ಎಂಜಿನ್ನೇ ತಡೆಯುತ್ತದಲ್ಲ?" ಅಂತ ನಮ್ಮಲ್ಲೇ ವಾದ ಆಯಿತು. ತಡೆಯುತ್ತದೆ, ಆದರೆ ಅದೇ ಎರಡು ಹಿಂದಿನ ಟಯರುಗಳ ಮೂಲಕ. ನೆಲದ ಹಿಡಿತ ಮುಗಿದ ಮೇಲೆ ಎಂಜಿನ್ನೂ ಒಂದೇ ಬ್ರೇಕೂ ಒಂದೇ. ನಾಲ್ಕು ಚಕ್ರಕ್ಕೂ ಡ್ರೈವ್ ಇರುವ ಟ್ರ್ಯಾಕ್ಟರ್ ಆದರೆ ಮುಂದಿನ ಚಕ್ರಗಳೂ ಈ ಕೆಲಸಕ್ಕೆ ಸೇರುತ್ತವೆ, ಅದು ದೊಡ್ಡ ಉಪಕಾರ. ಲೋ ಗೇರಿನ ನಿಜವಾದ ಲಾಭ ಉದ್ದ ಇಳಿಜಾರಿನಲ್ಲಿ. 6000 ಕೆ.ಜಿ. ಗಾಡಿ 50 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 29 ಲಕ್ಷ ಜೂಲ್, 9 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಅಷ್ಟನ್ನೂ ಬ್ರೇಕ್ ಒಂದೇ ನುಂಗಿದರೆ ಅದು ಬಿಸಿಯಾಗಿ ಹಿಡಿತ ಬಿಡುತ್ತದೆ. ಗೇರಿನಲ್ಲಿದ್ದರೆ ಎಂಜಿನ್ ಒಂದು ಪಾಲು ತೆಗೆದುಕೊಳ್ಳುತ್ತದೆ. ಗೇರ್ ಹಾಕಬೇಕಾದದ್ದು ಇಳಿಯಲು ಶುರು ಮಾಡುವ ಮೊದಲು. ಮಧ್ಯದಲ್ಲಿ ಕ್ಲಚ್ ಒತ್ತಿ ಗೇರ್ ಬದಲಿಸಲು ಹೋಗಿ ಗೇರ್ ಬೀಳದೆ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡರೆ ಮತ್ತೆ ಹಾಕಲು ಆಗುವುದಿಲ್ಲ. ಡೀಸೆಲ್ ಉಳಿಸಲು ಬೇಕೆಂತಲೇ ನ್ಯೂಟ್ರಲ್ ಮಾಡುವವರೂ ಇದ್ದಾರೆ. ಅವರಿಗೆ ಏನು ಹೇಳುವುದು.

ಹೊರಡುವ ಮೊದಲು ನೋಡಬೇಕಾದದ್ದರಲ್ಲಿ ಹೆಚ್ಚಿನದೆಲ್ಲ ಈ ಲೆಕ್ಕದಿಂದಲೇ ಹುಟ್ಟುತ್ತದೆ. ಮೊದಲನೆಯದು ಬ್ರೇಕ್ ಪೆಡಲ್. ಟ್ರ್ಯಾಕ್ಟರ್‌ಗೆ ಬ್ರೇಕ್ ಪೆಡಲ್ ಎರಡು, ಎಡಚಕ್ರಕ್ಕೊಂದು ಬಲಚಕ್ರಕ್ಕೊಂದು. ಗದ್ದೆಯಲ್ಲಿ ಒಂದು ಬದಿ ಮಾತ್ರ ಒತ್ತಿ ಚಿಕ್ಕ ಜಾಗದಲ್ಲಿ ತಿರುಗಿಸಲು ಈ ಏರ್ಪಾಡು. ರಸ್ತೆಗೆ ಬರುವಾಗ ಎರಡನ್ನೂ ಸೇರಿಸುವ ಲಾಕ್ ಹಾಕಬೇಕು. ಮರೆತರೆ ಇಳಿಜಾರಿನಲ್ಲಿ ಕಾಲು ಒಂದೇ ಪೆಡಲ್ ಮೇಲೆ ಬಿದ್ದು ಟ್ರ್ಯಾಕ್ಟರ್ ಆ ಬದಿಗೆ ತಿರುಗುತ್ತದೆ, ಹಿಂದಿನ ಟ್ರೈಲರ್ ಅದನ್ನು ಕತ್ತರಿಯ ಹಾಗೆ ಮಡಚುತ್ತದೆ. ಲಾಕ್ ಹಾಕಿದ ಮೇಲೂ ಎರಡೂ ಬದಿ ಸಮನಾಗಿ ಹಿಡಿಯುತ್ತದೆಯಾ ಅಂತ ಸಮತಟ್ಟು ಜಾಗದಲ್ಲಿ ಒಮ್ಮೆ ಒತ್ತಿ ನೋಡಬೇಕು. ಗಾಡಿ ನೇರ ನಿಲ್ಲಬೇಕು.

ಆಮೇಲೆ ಪಿನ್. ಹಿಚ್ ಪಿನ್ ಸವೆದು ನಡುವೆ ಸಪೂರ ಆಗಿದೆಯಾ, ತೂತು ಅಗಲ ಆಗಿದೆಯಾ ನೋಡಿ. ಪಿನ್ನಿನ ಕೆಳತುದಿಯ ಲಾಕ್ ಕ್ಲಿಪ್ ಇಲ್ಲದೆ ತಂತಿ ಸುತ್ತಿ ಓಡಿಸುವುದು ಸಾಮಾನ್ಯ ದೃಶ್ಯ. ಮುಂಭಾರದ ಟ್ರೈಲರ್ ಆದರೆ ತೂಕವೇ ಕೊಕ್ಕೆಯನ್ನು ಒತ್ತಿ ಹಿಡಿಯುತ್ತದೆ. ಹಿಂಭಾರ ಆದರೆ ಒಂದೊಂದು ಗುಂಡಿಗೂ ಮೂಕಿ ಮೇಲಕ್ಕೆ ಹಾರಿ ಪಿನ್ನನ್ನು ಕಿತ್ತು ಎಸೆಯಲು ನೋಡುತ್ತದೆ. ಪಿನ್ ತಪ್ಪಿದರೂ ಟ್ರೈಲರ್ ಬಿಟ್ಟು ಹೋಗದ ಹಾಗೆ ಒಂದು ಸರಪಳಿ ಬೇಕು, ತಿರುವಿನಲ್ಲಿ ಬಿಗಿಯದಷ್ಟು ಸಡಿಲ, ನೆಲಕ್ಕೆ ತಾಗದಷ್ಟು ಬಿಗಿ. ನಾವು ಅಲ್ಲಿ ಇಲ್ಲಿ ನೋಡಿದ ಟ್ರೈಲರ್‌ಗಳಲ್ಲಿ ಸರಪಳಿ ಇದ್ದದ್ದು ಬೆರಳೆಣಿಕೆ.

ಕಟ್ಟುವ ಎತ್ತರವೂ ಮುಖ್ಯ. ಎಳೆತದ ಗೆರೆ ಹಿಂದಿನ ಅಚ್ಚಿಗಿಂತ ಕೆಳಗೆ ಇರಬೇಕು. ಮೇಲೆ ಇದ್ದರೆ, ಹತ್ತುವಾಗ ಕ್ಲಚ್ ಜರ್ಕ್ ಆಗಿ ಬಿಟ್ಟರೆ ಮುಂದಿನ ಚಕ್ರ ಏಳುತ್ತದೆ, ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ. ಕೆಸರಲ್ಲಿ ಹೂತ ಪಿಕಪ್ ಎಳೆಯಲು ಟಾಪ್ ಲಿಂಕ್‌ಗೆ ಸರಪಳಿ ಕಟ್ಟುವುದು ಇದೇ ಕಾರಣಕ್ಕೆ ಬಹಳ ಅಪಾಯ.

ಟಯರ್, ಬೋಲ್ಟ್ ವಿಷಯ ಎಲ್ಲರಿಗೂ ಗೊತ್ತು. ಒಂದೇ ಮಾತು: ಲಾರಿಗೆ ಆಗದು ಅಂತ ತೆಗೆದ ಬೋಳು ಟಯರ್ ಟ್ರೈಲರ್‌ಗೆ ಬರುತ್ತದೆ, ಎಳೆಯುವ ಗಾಡಿಯದ್ದಲ್ಲವಲ್ಲ ಅಂತ. ಬೋಲ್ಟಿನ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ಅದು ಸಡಿಲವಾಗಿದೆ ಅಂತಲೇ ಅನುಮಾನ ಪಡಿ. ಮತ್ತೆ ಮಡ್‌ಗಾರ್ಡ್ ಮೇಲೆ, ಮೂಕಿ ಮೇಲೆ ಯಾರೂ ಕೂರಬಾರದು. ಆ ದಿನ ನಮ್ಮಲ್ಲಿಬ್ಬರು ಕೂರಲು ಹೋಗಿದ್ದೆವು. ಮಳೆ ಬಂತು ಅಂತ ಛತ್ರಿ ತರಲು ಓಡಿದ್ದರಿಂದ ಉಳಿದೆವು.

ಟಿಲ್ಲರ್ ವಿಷಯಕ್ಕೆ ಬರದೆ ಇದನ್ನು ಮುಗಿಸಲಾಗದು. ಸಣ್ಣ ತೋಟಗಳಲ್ಲಿ ಟ್ರ್ಯಾಕ್ಟರ್‌ಗಿಂತ ಪವರ್ ಟಿಲ್ಲರ್ ಜಾಸ್ತಿ, ಅದಕ್ಕೂ ಸಣ್ಣ ಟ್ರೈಲರ್ ಕಟ್ಟಿ ಸೊಪ್ಪು, ಗೊಬ್ಬರ, ಅಡಿಕೆ ಸಾಗಿಸುತ್ತಾರೆ. ಇದರ ಟ್ರೈಲರ್‌ಗೆ ಸಾಮಾನ್ಯವಾಗಿ ಕಾಲಿನ ಬ್ರೇಕ್ ಇರುತ್ತದೆ, ಆ ಮಟ್ಟಿಗೆ ಟ್ರ್ಯಾಕ್ಟರ್‌ಗಿಂತ ಮೇಲು. ಆದರೆ ಸ್ಟಿಯರಿಂಗ್ ವಿಚಿತ್ರ. ಹ್ಯಾಂಡಲ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು ಸ್ಟಿಯರಿಂಗ್ ಕ್ಲಚ್. ಎಡದ್ದನ್ನು ಒತ್ತಿದರೆ ಎಡಚಕ್ರಕ್ಕೆ ಎಂಜಿನ್ ಸಂಪರ್ಕ ತಪ್ಪುತ್ತದೆ, ಬಲಚಕ್ರ ಮುಂದೆ ತಳ್ಳುತ್ತದೆ, ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಇದು ಸಮತಟ್ಟಿನಲ್ಲಿ, ಹತ್ತುವಾಗ. ಇಳಿಯುವಾಗ ಟ್ರೈಲರ್ ತಳ್ಳುತ್ತಿರುತ್ತದೆ, ಎಂಜಿನ್ ಚಕ್ರಗಳನ್ನು ಹಿಡಿದಿರುತ್ತದೆ. ಆಗ ಎಡ ಕ್ಲಚ್ ಒತ್ತಿದರೆ ಎಡಚಕ್ರ ಹಿಡಿತ ತಪ್ಪಿಸಿಕೊಂಡು ಓಡುತ್ತದೆ, ಬಲಚಕ್ರ ಎಂಜಿನ್ನಿನ ಹಿಡಿತದಲ್ಲೇ ನಿಧಾನ ಇರುತ್ತದೆ. ಟಿಲ್ಲರ್ ಬಲಕ್ಕೆ ತಿರುಗುತ್ತದೆ!

ಅಂದರೆ ತೋಟ ಎಡಕ್ಕಿದ್ದು, ಬರೆಯ ಬದಿಗೆ ಹೋಗಲು ಬಲದ ಕ್ಲಚ್ ಒತ್ತಿದವ ನೇರ ತೋಟಕ್ಕೆ ಹೋಗುತ್ತಾನೆ. ಗಾಬರಿಯಲ್ಲಿ ಇನ್ನೂ ಗಟ್ಟಿಯಾಗಿ ಒತ್ತುತ್ತಾನೆ. ಹಳಬರಿಗೆ ಕೈಯೇ ಅಭ್ಯಾಸ ಆಗಿರುತ್ತದೆ, ಅವರು ಇಳಿಜಾರಿನಲ್ಲಿ ಕ್ಲಚ್ ಮುಟ್ಟದೆ ಹ್ಯಾಂಡಲನ್ನೇ ತಳ್ಳಿ ತಿರುಗಿಸುತ್ತಾರೆ. ರಜೆಗೆ ಊರಿಗೆ ಬಂದು "ಕೊಡಿ ಮಾವ, ನಾನು ಬಿಡ್ತೇನೆ" ಅನ್ನುವ ನಮ್ಮಂಥವರಿಗೇ ಅಪಾಯ. ಗಮನಿಸಿ, ದಿಕ್ಕು ಬದಲಾಗುವುದು ಇಳಿಜಾರಿನಿಂದ ಅಲ್ಲ, ಟಾರ್ಕ್‌ನ ದಿಕ್ಕು ಬದಲಾಗುವುದರಿಂದ. ಸಮತಟ್ಟಿನಲ್ಲಿ ಲೋಡ್ ಹಾಕಿ ವೇಗವಾಗಿ ಹೋಗುತ್ತಾ ಫಕ್ಕನೆ ಥ್ರಾಟಲ್ ಇಳಿಸಿದರೂ ಆ ಕ್ಷಣಕ್ಕೆ ಹೀಗೇ ಆಗಬಹುದು. ಹಾಗಾಗಿ ಹೊರಡುವ ಮೊದಲಿನ ತಪಾಸಣೆಯಲ್ಲಿ ಓಡಿಸುವವನನ್ನೂ ಸೇರಿಸಬೇಕು: ಇಳಿಯುವಾಗ ಎಡಕ್ಕೆ ಹೋಗಲು ಏನು ಮಾಡುತ್ತೀ ಅಂತ ಕೇಳಿ, ಉತ್ತರಕ್ಕೆ ಯೋಚಿಸಬೇಕಾದರೆ ಕೀ ಕೊಡಬೇಡಿ.

ಪಿಕಪ್ ಹಿಂದೆ ಕಟ್ಟಿಕೊಂಡು ಹೋಗುವ ಕಾಂಕ್ರೀಟ್ ಮಿಕ್ಸರ್ ಕೂಡ ಟ್ರೈಲರೇ. ಅದನ್ನು ಹಗ್ಗದಲ್ಲಿ ಕಟ್ಟಬಾರದು, ಹಗ್ಗ ಎಳೆಯುತ್ತದೆ, ತಡೆಯುವುದಿಲ್ಲ. ಮಿಕ್ಸರ್‌ಗೂ ಟ್ರ್ಯಾಕ್ಟರ್ ಟ್ರೈಲರ್‌ಗೂ ಹಿಂದೆ ಲೈಟ್ ಇಲ್ಲದೆ ಸಂಜೆ ರಸ್ತೆಗೆ ಬಂದರೆ, ಬೈಕಿನಲ್ಲಿ ಬರುವವನಿಗೆ ಅದು ಕತ್ತಲೆಯ ಗೋಡೆ. ಕೆಂಪು ರಿಫ್ಲೆಕ್ಟರ್ ಟೇಪ್‌ಗೆ ಹೆಚ್ಚು ಖರ್ಚಿಲ್ಲ.

ಕಾಗದಪತ್ರದ ವಿಷಯ ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೈಲರ್‌ಗೆ ಬೇರೆಯೇ ವ್ಯಾಖ್ಯೆ ಇದೆ, ನೋಂದಣಿಯೂ ಬೇರೆ. ಈ ಮೂರು ತಾಲ್ಲೂಕಿನವರಿಗೆ ಅದು ಪುತ್ತೂರಿನ ಆರ್‌ಟಿಒ, ಕೆಎ 21. ಟ್ರ್ಯಾಕ್ಟರ್‌ಗೆ ಇನ್ಶೂರೆನ್ಸ್ ಇದೆ ಅಂದ ಮಾತ್ರಕ್ಕೆ ಟ್ರೈಲರ್‌ಗೂ ಇದೆ ಅಂದುಕೊಳ್ಳಬಾರದು, ಪಾಲಿಸಿ ತೆಗೆದು ಟ್ರೈಲರ್‌ನ ನಂಬರ್ ಅದರಲ್ಲಿ ಇದೆಯಾ ನೋಡಬೇಕು.

ಮಧ್ಯೆ ಒಂದು ಮಾತು. ಪುತ್ತೂರಿನಲ್ಲಿ ಕ್ಯಾಂಪ್ಕೊ ಮತ್ತು ವಿವೇಕಾನಂದ ಇಂಜಿನಿಯರಿಂಗ್ ಕಾಲೇಜು ಸೇರಿ ಕೃಷಿ ಯಂತ್ರ ಮೇಳ ನಡೆಸುತ್ತವೆ, 2023ರಲ್ಲೂ ನಡೆದಿತ್ತು. ಅಡಿಕೆ ಮರ ಹತ್ತುವ ಯಂತ್ರ, ಅಡಿಕೆ ಸುಲಿಯುವ ಯಂತ್ರ ಅಂತ ನಮ್ಮ ಕಡೆಯ ಪ್ರಾಜೆಕ್ಟ್‌ಗಳೂ ಅತ್ತಲೇ ಹೋಗುತ್ತವೆ. ತಪ್ಪಲ್ಲ. ಆದರೆ ಎರಡು ಚಕ್ರದ ಟ್ರೈಲರ್‌ಗೆ ಕಡಿಮೆ ಖರ್ಚಿನ ಬ್ರೇಕ್ ಯಾಕೆ ಯಾರ ಪ್ರಾಜೆಕ್ಟೂ ಅಲ್ಲ? ಟ್ರೈಲರ್ ಚಕ್ರಗಳ ಮೇಲೆ 3600 ಕೆ.ಜಿ. ಕೂತಿದೆ. ಅದಕ್ಕೆ ಬ್ರೇಕ್ ಇದ್ದರೆ ಒದ್ದೆ ಮಣ್ಣಿನಲ್ಲೂ 3600 × 0.3 = 1080 ಕೆ.ಜಿ. ಬಲ ಅಲ್ಲೇ ಸಿಗುತ್ತದೆ, ಟ್ರ್ಯಾಕ್ಟರ್‌ನ 480 ಸೇರಿದರೆ 1560. ಐದು ಕಲ್ಲಿನ ಸಮಸ್ಯೆಯೇ ಇಲ್ಲ. ಯುರೋಪಿನಲ್ಲಿ ಕಾರಿನ ಹಿಂದೆ ಕಟ್ಟುವ ಟ್ರೈಲರ್‌ಗಳಲ್ಲಿ ಓವರ್‌ರನ್ ಬ್ರೇಕ್ ಅಂತ ಒಂದು ವ್ಯವಸ್ಥೆ ಇದೆ. ಮೂಕಿಯಲ್ಲಿ ಒಳಗೆ ಹೊರಗೆ ಜಾರುವ ಒಂದು ಕೊಳವೆ ಇರುತ್ತದೆ. ಇಳಿಯುವಾಗ ಟ್ರೈಲರ್ ಮುಂದಿನ ಗಾಡಿಯನ್ನು ತಳ್ಳಿದಾಗ ಆ ಕೊಳವೆ ಒಳಕ್ಕೆ ಸರಿದು ಲಿವರ್ ಎಳೆದು ಟ್ರೈಲರ್‌ನದ್ದೇ ಬ್ರೇಕ್ ಹಾಕುತ್ತದೆ. ಎಷ್ಟು ತಳ್ಳುತ್ತದೋ ಅಷ್ಟು ಬ್ರೇಕ್. ರಿವರ್ಸ್ ಹೋಗುವಾಗ ತಾನೇ ಬ್ರೇಕ್ ಹಿಡಿದುಕೊಳ್ಳುವುದು ಇದರ ತೊಂದರೆ, ಅದಕ್ಕೆ ಒಂದು ಲಾಕ್ ಬೇಕು. ಫೈನಲ್ ಇಯರ್‌ಗೆ ನಾವು ಇದನ್ನೇ ಮಾಡುವ ಅಂತ ಇದ್ದೇವೆ. ಅದಕ್ಕೆ ಮೊದಲೇ ಯಾರಾದರೂ ಮಾಡಿದರೆ ಬೇಜಾರಿಲ್ಲ.

ಇಳಿಸಿ ಆದ ಮೇಲೂ ಒಂದು ತಪಾಸಣೆ ಉಂಟು. ಟ್ರೈಲರ್ ಬಿಡಿಸುವ ಮೊದಲು ಅದರ ಎರಡೂ ಚಕ್ರಕ್ಕೆ ಇಳಿಜಾರಿನ ಬದಿಯಿಂದ ಕಲ್ಲು ಕೊಡಬೇಕು. ಹಿಂದೆ ಭಾರ ಉಳಿದಿರುವಾಗ ಪಿನ್ ತೆಗೆದರೆ ಮೂಕಿ ಒಮ್ಮೆಲೇ ಮೇಲಕ್ಕೆ ಚಿಮ್ಮುತ್ತದೆ. ಪಿನ್ ತೆಗೆಯುವವ ಬಗ್ಗಿರುತ್ತಾನೆ, ಅವನ ಗಲ್ಲ ಸರಿಯಾಗಿ ಅದರ ಮೇಲೆಯೇ ಇರುತ್ತದೆ. ಕಲ್ಲು ಖಾಲಿ ಮಾಡುವಾಗ ಮುಂದಿನದ್ದನ್ನು ಮೊದಲು ತೆಗೆದರೂ ಇದೇ ಆಗುವುದು. ತುಂಬಿಸುವಾಗ ಮುಂದಿನಿಂದ, ಖಾಲಿ ಮಾಡುವಾಗ ಹಿಂದಿನಿಂದ.

ದಸರಾ ರಜೆಯಲ್ಲಿ ನಾವು ಮತ್ತೆ ಅಲ್ಲಿಗೆ ಹೋದೆವು. ಲೆಕ್ಕದ ಹಾಳೆ ತೆಗೆದುಕೊಂಡೇ ಹೋಗಿದ್ದೆವು. ತಪ್ಪು ನಮ್ಮದು ಅಂತ ಹೇಳಬೇಕಿತ್ತು, ಹೇಗೆ ಅಂತ ಗೊತ್ತಿರಲಿಲ್ಲ. ಅಣ್ಣ ಜಗಲಿಯಲ್ಲಿ ಕೋಲು ಪಕ್ಕಕ್ಕಿಟ್ಟು ಕೂತಿದ್ದರು. ಹಾಳೆಯನ್ನು ಪೂರ್ತಿ ನೋಡಿ, "ನಾನು ಹತ್ತುವ ಮೊದಲು ಹಿಂದೆ ತಿರುಗಿ ನೋಡಬೇಕಿತ್ತು. ನೋಡಲಿಲ್ಲ" ಅಂದರು. ಆಮೇಲೆ, "ಈ ಐದು ಕಲ್ಲು ಅಂತ ಬರೆದದ್ದು ಸರಿ ಉಂಟಾ ಮಾರಾಯ?" ಅಂತ ಕೇಳಿದರು. ಮೂರು ಸಲ ಬಿಡಿಸಿದ್ದೇವೆ ಅಂದೆವು.

ಹಟ್ಟಿಗೆ ಇನ್ನೂ ಕಲ್ಲು ಬಾಕಿ ಇತ್ತು. ಮೂರು ದಿನ ಬಿಸಿಲು ಬಿದ್ದ ಮೇಲೆ ಪಕ್ಕದ ಮನೆಯವರು ಟ್ರ್ಯಾಕ್ಟರ್ ಓಡಿಸಿದರು, ಒಂದು ಸಲಕ್ಕೆ 50 ಕಲ್ಲು. ತುಂಬಿಸಿದ್ದು ನಾವೇ. ಟ್ರೈಲರ್‌ನ ಪಕ್ಕದ ಹಲಗೆಯ ಹೊರಗೆ, ಅಚ್ಚಿನ ನೇರಕ್ಕೆ, ಅಣ್ಣ ಹಳದಿ ಪೈಂಟಿನಲ್ಲಿ ಒಂದು ಗೆರೆ ಎಳೆಸಿದ್ದರು. ಜಗಲಿಯಿಂದಲೇ ನೋಡುತ್ತಾ, ಗೆರೆಯ ಹಿಂದೆ ಒಂದು ಕಲ್ಲು ಜಾಸ್ತಿ ಹೋದರೂ ಕೂಗುತ್ತಿದ್ದರು.